ಹುಳುಮನೆಯ ಕೆಂಡ

ಯಾವ ಮನೆಗೆ ಹೋದರೂ ಮೊದಲು ಬಾಗಿಲಲ್ಲಿ ಬಿಟ್ಟಿರುವ ಚಪ್ಪಲಿ ನೋಡಿ, ಫಾರಂ ಆಮೇಲೆ ತೆಗೆಯಿರಿ. ಗಂಡಸರ ಚಪ್ಪಲಿ ಇದ್ದರೆ ಒಂದು ಲೋಟ ನೀರು ಕೇಳಿ ಕುಡಿದು ವಾಪಸ್ ಬನ್ನಿ. ಗಂಡಸು ಜಗುಲಿಯ ಮೇಲೆ ಕೂತಿದ್ದರೆ ಎಲ್ಲದಕ್ಕೂ ಅವನೇ ಉತ್ತರ ಕೊಡುತ್ತಾನೆ. ಹೆಂಡತಿಗೆ ಕೆಮ್ಮು ಎಷ್ಟು ದಿನದಿಂದ ಎಂದರೂ ಅವನೇ ಹೇಳುತ್ತಾನೆ, ಅದನ್ನೂ ತಪ್ಪು ಹೇಳುತ್ತಾನೆ. ಇದನ್ನು ಟ್ರೈನಿಂಗಿನಲ್ಲಿ ನಿಮಗೆ ಹೇಳಿಕೊಡುವುದಿಲ್ಲ. ಅದಕ್ಕೇ ಈ ಕೆಲಸಕ್ಕೆ ಹೊಸದಾಗಿ ಸೇರಿದ ನಿಮಗಾಗಿ ನಾನು ಬರೆಯಲು ಕೂತಿದ್ದೇನೆ.

ನನ್ನ ಹೆಸರು ಹೊಂಬಾಳಮ್ಮ. ಓದಿದ್ದು ಮೂರನೇ ಕ್ಲಾಸು. ಅಕ್ಷರ ಬರುತ್ತದೆ, ನಿಧಾನ. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ ಗೂಡು ಬೇಯಿಸಿ ಬೇಯಿಸಿ ಬೆರಳ ಚರ್ಮ ಹೋದ ಮೇಲೆ ಈ ಕೆಲಸಕ್ಕೆ ಸೇರಿದೆ. ಫೀಲ್ಡ್ ವರ್ಕರ್ ಎಂದು ಕಾರ್ಡು ಕೊಟ್ಟರು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ನಾಲ್ಕೂ ತಾಲ್ಲೂಕು ಕಾಲಲ್ಲಿ ಸುತ್ತಿದ್ದೇನೆ. ಮನೆಯೊಳಗಿನ ಗಾಳಿ ಎಂಥದು, ಅದನ್ನು ಉಸಿರಾಡುವ ಹೆಂಗಸರ ಶ್ವಾಸಕೋಶ ಹೇಗಿದೆ ಎಂದು ನೋಡುವುದು ನಮ್ಮ ಕೆಲಸ. ನಾಲ್ಕು ದೇಶದವರು ಸೇರಿ ಮಾಡುತ್ತಿದ್ದ ಕೆಲಸ ಅದು. ಉಸಿರು ಅಳೆಯುವ ಡಾಕ್ಟರು, ಗಾಳಿ ಅಳೆಯುವವರು, ಜನರ ಮಾತು ಕೇಳಿ ಬರೆದುಕೊಳ್ಳುವವರು, ಹೀಗೆ ಮೂರು ಬಗೆಯ ಓದಿದವರು ಇದ್ದರು. ಮೂವರೂ ಮೂರು ಫಾರಂ ಕೊಡುತ್ತಿದ್ದರು. ಹೊತ್ತುಕೊಂಡು ಹೋಗುವವಳು ನಾನೊಬ್ಬಳೇ. ಊರುಗಳಲ್ಲಿ ನಮಗೆ ಹೊಗೆ ಆಫೀಸಿನವರು ಎಂದೇ ಹೆಸರು.

ಇಷ್ಟು ವರ್ಷದ ಕೆಲಸದಲ್ಲಿ ನಾನು ಎದೆಯುಬ್ಬಿಸಿ ಹೇಳಿಕೊಳ್ಳುವುದು ಒಂದೇ. ಕೋಡಿಹಳ್ಳಿ ಕಡೆಯ ಹನ್ನೊಂದು ಮನೆಗಳ ಅಳತೆ ಸುಳ್ಳು ಎಂದು ಕಿತ್ತುಹಾಕಲು ಹೊರಟಿದ್ದರು. ನಾನು ಬಿಡಲಿಲ್ಲ. ಅದನ್ನು ಹೇಳುವ ಮುಂಚೆ ನಾನು ಮಾಡಿದ ತಪ್ಪು ಹೇಳಬೇಕು. ಇಲ್ಲದಿದ್ದರೆ ಅವರು ನನ್ನ ಮೇಲೆ ಯಾಕೆ ಅನುಮಾನಪಟ್ಟರು ಎಂದು ನಿಮಗೆ ತಿಳಿಯುವುದಿಲ್ಲ.

ಗಾಳಿ ಅಳೆಯುವುದಕ್ಕೆ ಒಂದು ಡಬ್ಬಿ ಇತ್ತು. ಟಿಫನ್ ಡಬ್ಬಿಯಷ್ಟು ದಪ್ಪ. ಅದನ್ನು ಹೆಂಗಸಿನ ಸೊಂಟಕ್ಕೆ ಬೆಲ್ಟು ಹಾಕಿ ಕಟ್ಟುವುದು. ಒಂದು ಸಣ್ಣ ಕೊಳವೆ ಹೆಗಲವರೆಗೆ ಬರುತ್ತದೆ. ಅವಳು ಎಳೆದುಕೊಳ್ಳುವ ಗಾಳಿಯನ್ನೇ ಡಬ್ಬಿಯೂ ಎಳೆದುಕೊಳ್ಳುತ್ತದೆ, ಒಳಗಿನ ಬಿಳಿ ಕಾಗದಕ್ಕೆ ಕೊಳೆ ಕೂರುತ್ತದೆ. ಒಂದು ಹಗಲು, ಒಂದು ರಾತ್ರಿ. ಮಾರನೆಯ ದಿನ ಹೋಗಿ ಕಾಗದ ತೆಗೆದು, ಮನೆಯ ನಂಬರಿನ ಚೀಟಿ ಅಂಟಿಸಿ, ಐಸ್ ಡಬ್ಬಿಯಲ್ಲಿಟ್ಟು ತರಬೇಕು. ಈಗ ಡಬ್ಬಿ ಬೆಂಕಿಪೊಟ್ಟಣದಷ್ಟು ಸಣ್ಣದಾಗಿದೆ, ನೀವು ಪುಣ್ಯವಂತರು. ಆಗ ಅದು ಗುಂಯ್ ಎಂದು ಸದ್ದು ಬೇರೆ ಮಾಡುತ್ತಿತ್ತು. ಅದನ್ನು ಕಟ್ಟಿಸಿಕೊಂಡು ಸೊಸೆ ನೀರಿಗೆ ಹೋದರೆ ಬೋರ್‌ವೆಲ್ ಹತ್ತಿರ ಇದ್ದವರೆಲ್ಲ "ಏನಮ್ಮಿ, ಹೊಟ್ಟೇಲಿ ಜೇನು ಕಟ್ಟದಾ?" ಎಂದು ನಗುತ್ತಿದ್ದರು.

ಚನ್ನಪಟ್ಟಣದಲ್ಲಿ ಒಂದೇ ಮನೆಯ ಇಬ್ಬರು ಸೊಸೆಯರಿಗೆ ಎರಡು ಡಬ್ಬಿ ಕಟ್ಟಿದ್ದೆ. ಹಿರಿಯವಳು ಗೊಂಬೆ ಕಡೆಯುವ ಲೇತಿನಲ್ಲಿ ಕೂರುವವಳು, ಕಿರಿಯವಳು ಮನೆಯಲ್ಲಿ ಅಡುಗೆ. ಮಾರನೆಯ ದಿನ ಹೋದಾಗ ಬಸ್ಸಿನ ಹೊತ್ತಾಗಿತ್ತು. ಚೀಟಿ ಅಲ್ಲೇ ಅಂಟಿಸುವುದು ಬಿಟ್ಟು, ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡು ಓಡಿದೆ. ಬಸ್ಸಿನಲ್ಲಿ ಕೂತು ಅಂಟಿಸಿದೆ. ಅದಲುಬದಲು ಆಯಿತು. ರಾಮನಗರದಲ್ಲಿ ಇಳಿದು ನೋಡುತ್ತೇನೆ, ಅಡುಗೆಯವಳ ಹೆಸರಿನ ಕಾಗದ ಕೆಂಪಗಿದೆ. ಗೊಂಬೆಗೆ ಹಚ್ಚುವ ಬಣ್ಣದ ಅರಗಿನ ಧೂಳು. ಅಡುಗೆ ಮನೆಯಲ್ಲಿ ಅರಗು ಎಲ್ಲಿಂದ ಬರಬೇಕು? ನೇರವಾಗಿ ಆಫೀಸಿಗೆ ಹೋಗಿ ಹೇಳಿದೆ, ತಪ್ಪಾಗಿದೆ ಎಂದು. ಹೇಳದೆ ಇದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೇಳಿದ್ದಕ್ಕೆ ನನ್ನ ಹೆಸರಿನ ಮುಂದೆ ಒಂದು ಗೆರೆ ಬಿತ್ತು. ಬೀಳಲಿ. ನೀವೂ ಹೇಳಿ.

ಮಾಗಡಿ ಕಡೆ ಇನ್ನೊಂದು ಆಯಿತು, ಅದು ನನ್ನ ತಪ್ಪೋ ಅವರದೋ ಇನ್ನೂ ತಿಳಿಯದು. ಗೋಡೆಗೆ ತಗುಲಿಹಾಕುವ ಡಬ್ಬಿಯನ್ನು ಒಂದು ಮನೆಯಲ್ಲಿ ಇಟ್ಟು ಬಂದೆ. ಮಾರನೆಯ ದಿನ ಆಯುಧಪೂಜೆ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹೋಗಿ ನೋಡಿದರೆ ಡಬ್ಬಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿ, ಅದರ ಬಾಯಿಯ ಮುಂದೆಯೇ ಒಂದು ಕಟ್ಟು ಊದುಬತ್ತಿ ಸಿಕ್ಕಿಸಿದ್ದರು.

"ಯಾಕವ್ವ ಇಂಗ್ ಮಾಡ್ದೆ?" ಎಂದು ಮನೆಯಾಕೆಯನ್ನು ಕೇಳಿದೆ.

"ಟಿಲ್ಲರ್‌ಗೆ ಮಾಡ್ದೊ, ಮಿಕ್ಸಿಗೆ ಮಾಡ್ದೊ, ಮನೇಗ್ ಬಂದಿರೋ ಮಿಷನ್‌ಗೆ ಮಾಡ್ದೆ ಬುಟ್ರೆ ಅದು ಎಂಗೆ ಕೆಲಸ ಮಾಡಾತು?" ಎಂದಳು.

ಆ ಕಾಗದ ಕಾಡಿಗೆಯಂತಿತ್ತು. ಅದನ್ನು ಎಸೆದರು, ಎಸೆದದ್ದು ಸರಿ. ಆವತ್ತಿನಿಂದ ಪಂಚಾಂಗ ಚೀಲದಲ್ಲೇ ಇಟ್ಟುಕೊಂಡೆ.

ನಮ್ಮ ಆಫೀಸಿನಲ್ಲಿ ಲೆಕ್ಕ ನೋಡುತ್ತಿದ್ದವರು ವಿನುತಾ ಮೇಡಂ. ನನ್ನ ಮಗಳಿಗಿಂತ ಚಿಕ್ಕವರು, ಮೈಸೂರಿನವರು. ಊಟದ ಹೊತ್ತಿಗೂ ಕಂಪ್ಯೂಟರ್ ಬಿಡುತ್ತಿರಲಿಲ್ಲ. ನಾವು ತಂದ ಕಾಗದಗಳನ್ನು ತೂಗಿ ಬಂದ ನಂಬರು ಅವರ ಬಳಿ ಬರುತ್ತಿತ್ತು, ಅವರು ಅದನ್ನು ಹೊರದೇಶಕ್ಕೆ ಕಳಿಸುತ್ತಿದ್ದರು. ಒಂದು ದಿನ ನಾನು ಮೆಟ್ಟಿಲು ಹತ್ತಿ ಬರುತ್ತಲೇ ಕುರ್ಚಿ ಎಳೆದುಕೊಟ್ಟರು. ನಮ್ಮಂಥವರಿಗೆ ಕುರ್ಚಿ ಎಳೆದುಕೊಟ್ಟರೆ ಒಳ್ಳೆಯ ಸುದ್ದಿ ಇರುವುದಿಲ್ಲ.

"ಹೊಂಬಾಳಮ್ಮ, ಕೋಡಿಹಳ್ಳಿ ಕಡೆ ಮನೆಗಳದ್ದು ಉಲ್ಟಾ ಬಂದಿದೆ. ಗ್ಯಾಸ್ ಇರೋ ಮನೆಗಳಲ್ಲಿ ಕೊಳೆ ಜಾಸ್ತಿ, ಸೌದೆ ಒಲೆ ಮನೆಗಳಲ್ಲಿ ಕಮ್ಮಿ."

"ಬಂದದೆ ಅಂದ್ರೆ ಅದೇ ಇರ್ತದೆ."

"ಹಾಗೆ ಬರೋಕೆ ಸಾಧ್ಯನೇ ಇಲ್ಲ. ಗ್ಯಾಸಲ್ಲಿ ಹೊಗೆ ಎಲ್ಲಿಂದ ಬರುತ್ತೆ ಹೇಳಿ?" ಎಂದವರು ದನಿ ಇಳಿಸಿದರು. "ಚೀಟಿ ಏನಾದ್ರೂ... ಚನ್ನಪಟ್ಟಣದಲ್ಲಿ ಆಯ್ತಲ್ಲ, ಆ ಥರ..."

"ಅದಾದ್ಮೇಲೆ ಚೀಟಿ ಅಂಟಿಸ್ದೆ ಒಂದು ಮನೆ ಹೊಸಿಲೂ ದಾಟಿಲ್ಲ ನಾನು."

"ನಾನು ನಂಬ್ತೀನಿ. ಮೇಲಿನವರಿಗೆ ಏನು ಹೇಳ್ಲಿ? ಆ ಹನ್ನೊಂದು ಮನೆ ತೆಗೆದುಬಿಡೋಣ ಅಂತಿದಾರೆ. ಓದು ಬರೆಹ ಇಲ್ಲದವರ ಕೈಗೆ ಕೊಟ್ರೆ ಹೀಗೇ ಅಂತ ಒಬ್ರು ಬರೆದಿದಾರೆ."

ನನಗೆ ಸಿಟ್ಟು ಬಂತು. ಆ ಮಾತಿಗೆ ಒಂದಿಷ್ಟು, ಮನೆಗಳನ್ನು ತೆಗೆಯುತ್ತೇವೆ ಎಂದದ್ದಕ್ಕೆ ಅದರ ಹತ್ತರಷ್ಟು. ಆ ಹನ್ನೊಂದು ಹೆಂಗಸರಲ್ಲಿ ಜಯಮ್ಮ ಎಂಬವಳಿದ್ದಳು. ಮೂವತ್ತು ದಾಟಿದ ಹೆಂಗಸು, ಒಣ ಕೆಮ್ಮು. ಉಸಿರು ಅಳೆಯುವ ಕೊಳವೆ ಊದು ಎಂದರೆ ಕಣ್ಣಲ್ಲಿ ನೀರು ಬರುವವರೆಗೆ ಊದಿದ್ದಳು, ಮೂರು ಸಲ. ಮೂರು ಸಲವೂ ಮುಳ್ಳು ಅರ್ಧಕ್ಕೇ ನಿಂತಿತ್ತು. ಮನೆ ತೆಗೆದರೆ ಅವಳ ಉಸಿರೂ ಲೆಕ್ಕದಿಂದ ಹೋಗುತ್ತದೆ. ಅವಳಿಗೆ ಕೆಮ್ಮು ಇಲ್ಲ ಎಂದು ಬರೆದ ಹಾಗೆಯೇ ಆಯಿತು.

"ಮೇಡಂ, ಆ ಹೆಸರುಗಳ್ನ ಒಂದೊಂದಾಗಿ ಓದಿ," ಎಂದೆ.

ಓದಿದರು. ಗ್ಯಾಸಿನ ಮನೆಗಳನ್ನು ಮೊದಲು ಓದಿದರು. ಎರಡನೆಯ ಹೆಸರಿಗೆ ನನಗೆ ಅನುಮಾನ ಬಂತು, ನಾಲ್ಕನೆಯದಕ್ಕೆ ಗೊತ್ತಾಯಿತು. ಎಲ್ಲರೂ ರೇಷ್ಮೆ ಹುಳು ಸಾಕುವವರು. ಸೌದೆ ಒಲೆಯವರು ಕೂಲಿ ಜನ, ಅವರಿಗೆ ಹಿಪ್ಪುನೇರಳೆ ತೋಟವೂ ಇಲ್ಲ, ಹುಳುವಿಗೆ ಬೇರೆ ಕೋಣೆಯೂ ಇಲ್ಲ. ನಾವು ಡಬ್ಬಿ ಕಟ್ಟಿದ್ದು ಮಾಗಿಯ ಚಳಿ ಶುರುವಾದಾಗ.

"ಇವ್ರೆಲ್ಲ ಹುಳ ಮೇಯ್ಸೋರು ಮೇಡಂ. ಚಳಿಗೆ ಹುಳ ಮೇವು ತಿನ್ನಲ್ಲ. ಅದ್ಕೆ ಕಿಟಕಿ ಬಾಗ್ಲು ಮುಚ್ಚಿ ಹುಳುಮನೇಲಿ ಬಾಣ್ಲೆ ತುಂಬ ಕೆಂಡ ಇಕ್ತಾರೆ."

"ಎಷ್ಟು ಹೊತ್ತು?"

"ಚಳಿ ಇರೋಗಂಟ."

ವಿನುತಾ ಮೇಡಂ ಫಾರಂ ತೆಗೆದು ಹಾಳೆ ತಿರುಗಿಸಿದರು. ಅಡುಗೆಗೆ ಏನು ಬಳಸುತ್ತೀರಿ ಎಂದು ಇತ್ತು. ಮನೆಯಲ್ಲಿ ಹೊಗೆ ಆಗುತ್ತದೆಯೇ ಎಂದು ಇತ್ತು. ಎಲ್ಲರೂ ನಿಜವನ್ನೇ ಹೇಳಿದ್ದರು. ಅಡುಗೆ ಗ್ಯಾಸಿನಲ್ಲಿ. ಮನೆಯಲ್ಲಿ ಹೊಗೆ ಇಲ್ಲ. ನಮ್ಮವರಿಗೆ ಹುಳುಮನೆ ಮನೆಯಲ್ಲ, ಕೆಂಡ ಹೊಗೆಯಲ್ಲ. ಹಸಿ ಸೌದೆ ಕಣ್ಣುರಿಸಿದರೆ ಮಾತ್ರ ಹೊಗೆ.

"ಇದು ನಿಮಗೆ ಗೊತ್ತಿತ್ತಲ್ಲ. ನೀವ್ಯಾಕೆ ಹೇಳಲಿಲ್ಲ?" ಎಂದರು.

ನಾನೂ ಹುಳು ಸಾಕಿದವಳೇ, ಅದೇ ಕೆಂಡದ ಪಕ್ಕ ಕೂತು ಸೊಪ್ಪು ಹಾಕಿದವಳೇ. ಗೊತ್ತಿರುವುದನ್ನು ಹೇಳಬೇಕು ಎಂದೇ ನನಗೆ ಹೊಳೆದಿರಲಿಲ್ಲ. ಫಾರಂ ಕೇಳಲಿಲ್ಲ, ನಾನು ಹೇಳಲಿಲ್ಲ. ಚೀಟಿ ಅದಲುಬದಲು ಮಾಡಿದ್ದಕ್ಕಿಂತ ಇದು ದೊಡ್ಡ ತಪ್ಪು. ಆ ತಪ್ಪು ಯಾರ ಲೆಕ್ಕದಲ್ಲೂ ಬರಲಿಲ್ಲ, ನಾನೇ ಇಲ್ಲಿ ಬರೆಯುತ್ತಿದ್ದೇನೆ.

ಮೇಲಿನವರು ನಂಬಲಿಲ್ಲ. ಒಬ್ಬ ಹೆಂಗಸಿನ ಬಾಯಿಮಾತು ಸಾಲದು ಎಂದರು. ಗಾಳಿ ಅಳೆಯುವವರಲ್ಲಿ ದೊಡ್ಡವರಾದ ಮಾರ್ಟಿನ್ ಸರ್ ಅದೇ ತಿಂಗಳು ಇಲ್ಲಿಗೆ ಬರುವವರಿದ್ದರು. ಆರಡಿ ಮೀರಿದ ಮನುಷ್ಯ, ಬಿಳಿ ಗಡ್ಡ, ಕನ್ನಡ ಒಂದಕ್ಷರ ಬಾರದು. ಅವರು ಬಂದು ನೋಡಿ ಹೇಳಲಿ, ಇಲ್ಲದಿದ್ದರೆ ತೆಗೆಯುವುದೇ ಎಂದು ತೀರ್ಮಾನವಾಯಿತು. ನೋಡಲು ಬರುವುದು ಸುಲಭವಿರಲಿಲ್ಲ. ಹುಳು ಮೇಯುವಾಗ ಹುಳುಮನೆಗೆ ಹೊರಗಿನವರನ್ನು ಯಾರೂ ಬಿಡುವುದಿಲ್ಲ. ಒಡಹುಟ್ಟಿದ ತಂಗಿ ಬಂದರೂ ಹೊಸಿಲಾಚೆಯೇ ನಿಲ್ಲಿಸುತ್ತಾರೆ. ದೃಷ್ಟಿ ಎನ್ನಿ, ರೋಗ ಎನ್ನಿ. ಹೊರಗಿನ ಕಾಲಿನಲ್ಲಿ ರೋಗ ಬಂದರೆ ಬೆಳೆಯೆಲ್ಲ ಹೋಗುತ್ತದೆ, ಅದು ಸುಳ್ಳಲ್ಲ. ಆಫೀಸಿನವರು ಒಬ್ಬರೂ ಕೆಂಡ ಕಾಣದೆ ಇದ್ದದ್ದು ಅದಕ್ಕೇ.

ಜಯಮ್ಮನ ಅತ್ತೆ ಲಕ್ಕಮ್ಮ ಆ ಮನೆಯ ಯಜಮಾನಿ. ಮಗ, ಜಯಮ್ಮನ ಗಂಡ ಶಿವಲಿಂಗೇಗೌಡ ಅವಳ ಎದುರಿಗೆ ನಿಂತು ಮಾತಾಡುತ್ತಿರಲಿಲ್ಲ. ನಾನು ಹೋದಾಗ ಹುಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಸುಮ್ಮನೆ ಮಲಗುವುದಕ್ಕೆ ಜ್ವರ ಎನ್ನುತ್ತೇವೆ. ನಾಲ್ಕನೆಯದು ಎದ್ದರೆ ಬೆಳೆ ಕೈಗೆ ಬರುವ ಹೊತ್ತು, ಹೋದರೆ ಪೂರ್ತಿ ಹೋಗುವ ಹೊತ್ತು.

"ಏನಮ್ಮಿ ಹೊಂಬಾಳಿ, ಪರದೇಸಿಯವ್ನ ಹುಳುಮನೆಗೆ ಕರ್ಕೊಂಬತ್ತೀಯಾ? ತಲೆಗಿಲೆ ಕೆಟ್ಟದಾ ನಿಂಗೆ?"

"ಕೆಟ್ಟಿಲ್ಲ ಕಣಕ್ಕ. ನಿನ್ ಸೊಸೆ ಹೊತ್ಕೊಂಡ ಡಬ್ಬಿ ಸುಳ್ಳು ಅಂತಾವ್ರೆ."

"ಅಂದ್ಕೊಳ್ಲಿ. ನನ್ಗೇನ್ ಕಡ್ಮೆ ಆಯ್ತದೆ?"

"ನಾನು ಕಳ್ಳಿ ಆಯ್ತೀನಿ."

ಲಕ್ಕಮ್ಮ ಎಲೆಗೆ ಸುಣ್ಣ ಸವರುತ್ತಿದ್ದವಳು ನಿಲ್ಲಿಸಿದಳು. "ಬೆಳೆ ಹೋದ್ರೆ?"

ಹೋಗುವುದಿಲ್ಲ ಎಂದು ಹೇಳುವ ಹಾಗಿರಲಿಲ್ಲ. "ಹೋದ್ರೆ ನನ್ ಮಕಕ್ ಉಗಿ. ಊರ ಮುಂದೆ ನಿಲ್ಸಿ ಉಗಿ," ಎಂದೆ.

"ಉಗುದ್ರೆ ಗೂಡು ಬತ್ತದಾ?"

ಅಷ್ಟರಲ್ಲಿ ಒಳಗಿನಿಂದ ಕೆಮ್ಮು ಕೇಳಿತು. ಕೆಮ್ಮು ಮುಗಿದ ಮೇಲೆ ಮಾತು ಕೇಳಿತು. "ಬರ್ಲಿ ಬುಡತ್ತೆ. ಅದುನ್ನ ಸೊಂಟುಕ್ ಕಟ್ಕೊಂಡು ಒಂದ್ ಹಗ್ಲು ಒಂದ್ ರಾತ್ರಿ ತಿರುಗಿದ್ದು ಸುಳ್ಳು ಅಂದ್ರೆ ಎಂಗೆ? ಮಗ್ಗಲು ತಿರುಗಕ್ಕೂ ಆಗ್ನಿಲ್ಲ ನಂಗೆ."

ಆ ಸೊಸೆ ಅತ್ತೆಯ ಮುಂದೆ ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಲಕ್ಕಮ್ಮ ಎಲೆ ಮಡಿಸಿ ಬಾಯಿಗಿಟ್ಟುಕೊಂಡಳು.

"ಒಬ್ಬ ಮಾತ್ರ. ತಲೆ ಮ್ಯಾಲೆ ನೀರು ಉಯ್ಕೊಂಡು ಬರ್ಬೇಕು. ನಾನು ಬ್ಯಾಡ ಅಂದ್ರೆ ಅಂಗೇ ವಾಪಸ್ ಒಂಟೋಗ್ಬೇಕು."

ಹುಳು ಜ್ವರ ಎದ್ದು ಮೇವಿಗೆ ಬಿದ್ದ ದಿನ ಬೆಳಿಗ್ಗೆ ಜೀಪು ಬಂತು. ಮಾರ್ಟಿನ್ ಸರ್ ಬಾಗಿಲು ತೆಗೆದು ಒಂದು ಕಾಲು ಕೆಳಗಿಟ್ಟರೋ ಇಲ್ಲವೋ, ನನಗೆ ವಾಸನೆ ಬಡಿಯಿತು. ಸೊಳ್ಳೆಗೆ ಹಚ್ಚುವ ಕ್ರೀಮು, ಮುಖಕ್ಕೆ, ಕೈಗೆ, ಕುತ್ತಿಗೆಗೆ. ನಾನು ಓಡಿಹೋಗಿ ಬಾಗಿಲು ತಳ್ಳಿ ಹಿಡಿದುಕೊಂಡೆ.

"ಇಳೀಬ್ಯಾಡಿ ಅನ್ನಿ ಮೇಡಂ! ಇಳೀಬ್ಯಾಡಿ!"

ವಿನುತಾ ಮೇಡಂ ಗಾಬರಿಯಾದರು. "ಯಾಕೆ, ಏನಾಯ್ತು?"

"ಸೊಳ್ಳೆ ಸಾಯೋ ಔಷ್ದಿಗೆ ಹುಳ ಉಳೀತದಾ? ಇವ್ರು ಒಂದ್ ಸಲ ಒಳಕ್ ಹೋಗ್ಬಂದ್ರೆ ಸಾಯಂಕಾಲಕ್ಕೆ ಎಲ್ಲ ಬಾಯಲ್ಲಿ ನೀರು ಕಕ್ತವೆ."

ಅವರು ಇಂಗ್ಲಿಷಿನಲ್ಲಿ ಹೇಳಿದರು. ಮಾರ್ಟಿನ್ ಸರ್ ತಮ್ಮ ಎರಡೂ ಕೈ ನೋಡಿಕೊಂಡರು. ಅಂಥ ದೊಡ್ಡ ಮನುಷ್ಯನ ಮುಖ ಬೆಪ್ಪಾಗಿದ್ದನ್ನು ಆವತ್ತೇ ನೋಡಿದ್ದು. ಜೀಪನ್ನು ಊರಾಚೆಗೆ ಕಳಿಸಿ, ಅವರನ್ನು ಗಾಳಿ ಬೀಸುವ ದಿಕ್ಕು ನೋಡಿಕೊಂಡು ದೂರದ ಬೋರ್‌ವೆಲ್ ತೊಟ್ಟಿಗೆ ಕರೆದೊಯ್ದು, ಶಿವಲಿಂಗೇಗೌಡನ ಕೈಯಲ್ಲಿ ಸೀಗೆಪುಡಿ ಕೊಟ್ಟೆವು. ಸೋಪು ಬೇಡ ಎಂದೆ, ಅದರದೂ ವಾಸನೆ. ಧನುರ್ಮಾಸದ ನೀರು. ಮನುಷ್ಯ ಮೂರು ಸಲ ತಲೆಯಿಂದ ಕಾಲಿನವರೆಗೆ ತಿಕ್ಕಿಸಿಕೊಂಡರು. ಗೌಡನ ಪಂಚೆ ಉಟ್ಟರು, ಅದು ಮೊಣಕಾಲಿಗೇ ಮುಗಿಯಿತು. ಮೇಲೆ ಒಂದು ಟವೆಲು. ಲಕ್ಕಮ್ಮ ಬಂದು ಅವರ ಬಲಗೈ ಹಿಡಿದು ಮೂಸಿದಳು, ಎಡಗೈ ಮೂಸಿದಳು. ಬಾಗಿ ಎಂದು ಸನ್ನೆ ಮಾಡಿ ಗಡ್ಡವನ್ನೂ ಮೂಸಿದಳು.

"ಗಡ್ಡುಕ್ ಇನ್ನೊಂದ್ ಚೊಂಬು."

ಉಯ್ದುಕೊಂಡರು. ಸುಣ್ಣದ ಪುಡಿ ತುಳಿಸಿ ಒಳಗೆ ಬಿಟ್ಟಳು.

ಡಬ್ಬಿ ಎರಡು ತಂದಿದ್ದರು. ಒಂದು ಮಾರ್ಟಿನ್ ಸರ್ ಸೊಂಟಕ್ಕೆ, ಅವರು ಹುಳುಮನೆಯಲ್ಲಿ ಕೂರುವುದು. ಇನ್ನೊಂದು ವಿನುತಾ ಮೇಡಂಗೆ, ಅವರು ಗ್ಯಾಸ್ ಒಲೆ ಇರುವ ಅಡುಗೆ ಮನೆಯಲ್ಲಿ ಕೂರುವುದು. "ಚೀಟಿ ನೀವೇ ಅಂಟಿಸಿ ಮೇಡಂ, ನಾನು ಮುಟ್ಟಲ್ಲ," ಎಂದು ಹೇಳಿ ನಾನು ಕೈ ಕಟ್ಟಿ ನಿಂತೆ.

ಹುಳುಮನೆಯ ಕಿಟಕಿಗಳಿಗೆ ಗೋಣಿತಾಟು ಬಿಗಿದಿದ್ದರು. ಒಂದೇ ಒಂದು ಬಲ್ಬು. ನಡುವೆ ಬಾಣಲೆಯಲ್ಲಿ ಇದ್ದಿಲ ಕೆಂಡ, ಬೇಗ ಉರಿದು ಹೋಗದಿರಲಿ ಎಂದು ಮೇಲೆ ಭತ್ತದ ಹೊಟ್ಟು ಉದುರಿಸಿತ್ತು. ಜಯಮ್ಮ ಹುಳುವಿನ ತಟ್ಟೆ ತಟ್ಟೆಗೂ ಬಗ್ಗಿ ಒಣಗಿದ ಕಡ್ಡಿ, ಹಿಕ್ಕೆ ತೆಗೆಯುತ್ತಿದ್ದಳು, ಸುಣ್ಣ ಉದುರಿಸುತ್ತಿದ್ದಳು, ಹೊಸ ಸೊಪ್ಪು ಹರಡುತ್ತಿದ್ದಳು. ಆ ಕಡೆಯಿಂದ ಈ ಕಡೆಗೆ ಹೋಗಬೇಕಾದರೆ ಬಾಣಲೆ ದಾಟಿಯೇ ಹೋಗಬೇಕು. ಅಂಥ ಚಳಿಯಲ್ಲೂ ಅವಳ ಕುಪ್ಪಸ ಬೆನ್ನಿಗೆ ಅಂಟಿತ್ತು. ಮಾರ್ಟಿನ್ ಸರ್ ಮೂಲೆಯಲ್ಲಿ ಒಂದು ಮಣೆಯ ಮೇಲೆ ಕೂತರು. ಮೊದಲು ಸುತ್ತಲೂ ನೋಡುತ್ತಿದ್ದರು. ಆಮೇಲೆ ಕೆಮ್ಮಿದರು. ಆಮೇಲೆ ಅವಳನ್ನೇ ನೋಡುತ್ತ ಕೂತರು. ಹೊತ್ತು ನೆತ್ತಿಗೆ ಬರುವವರೆಗೆ ಏಳಲಿಲ್ಲ. ಏಳಿ ಎಂದು ನಾನೇ ಬಾಗಿಲ ಸಂದಿಯಿಂದ ಎರಡು ಸಲ ಸನ್ನೆ ಮಾಡಿದೆ, ಕೈ ಅಡ್ಡ ಆಡಿಸಿದರು. ಆ ಹಟ ನನಗೆ ಹಿಡಿಸಿತು.

ಹೊರಗೆ ಬಂದಾಗ ಕಣ್ಣು ಕೆಂಡವಾಗಿತ್ತು. ಹೊಂಗೆ ಮರದ ಕೆಳಗೆ ತಲೆ ಹಿಡಿದುಕೊಂಡು ಕೂತರು. ಲಕ್ಕಮ್ಮ ಮಜ್ಜಿಗೆ ಕೊಟ್ಟಳು. ಕುಡಿದು ಏನೋ ಕೇಳಿದರು.

"ದಿನಕ್ಕೆ ಎಷ್ಟು ಹೊತ್ತು ಒಳಗಿರ್ತೀರ ಅಂತ ಕೇಳ್ತಿದಾರೆ," ಎಂದರು ವಿನುತಾ ಮೇಡಂ.

ಜಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಆಚೆಗೆ ಯಾವಾಗ್ ಬತ್ತೀನಿ ಅಂತ ಕೇಳಕ್ಕೇಳಿ ಮೇಡಂ, ಅದು ಯೋಳೋದ್ ಸುಲಭ," ಎಂದಳು.

ಜಗುಲಿಯ ಮೇಲೆ ಡಬ್ಬಿ ಬಿಚ್ಚಿದರು. ಅಡುಗೆ ಮನೆಯ ಕಾಗದ ಹಾಕಿದ ಹಾಗೆಯೇ ಇತ್ತು, ಒಸಿ ಮಾಸಲು. ಮಾರ್ಟಿನ್ ಸರ್ ಅವರ ಕಾಗದ ರೊಟ್ಟಿ ಹಂಚಿನ ತಳದ ಬಣ್ಣ. ತೂಗುವ ಮಿಷನ್ ಬೇಕಾಗಿರಲಿಲ್ಲ, ಲಕ್ಕಮ್ಮನಿಗೂ ಕಾಣಿಸುವಂತಿತ್ತು. ವಿನುತಾ ಮೇಡಂ ಎರಡಕ್ಕೂ ಚೀಟಿ ಅಂಟಿಸಿದರು. ಒಂದು ಚೀಟಿ ಸೊಟ್ಟಗೆ ಕೂತಿತು. ಜೀಪು ಕನಕಪುರ ದಾಟಿದ ಮೇಲೆ, "ನನ್ನ ತಪ್ಪು, ಹೊಂಬಾಳಮ್ಮ," ಎಂದರು.

"ಒಸಿ ನಿಮ್ದು, ಒಸಿ ನಂದು," ಎಂದೆ.

ಅಲ್ಲಿಗೆ ನನ್ನ ಎದೆ ತಣ್ಣಗಾಗಲಿಲ್ಲ. ಬೆಳೆ ಇನ್ನೂ ಹುಳುಮನೆಯಲ್ಲೇ ಇತ್ತು. ಒಂದು ವಾರದ ಮೇಲೆ ಲಕ್ಕಮ್ಮನಿಂದ ಫೋನು ಬಂದ ದಿನ ಎತ್ತಲು ಹೆದರಿ ಮಗಳ ಕೈಗೆ ಕೊಟ್ಟೆ. "ಹುಳ ಹಣ್ಣಾಗಿ ಚಂದ್ರಿಕೆಗ್ ಹತ್ತವೆ, ಗೂಡು ಕಟ್ಟಕ್ ಸುರು ಮಾಡವೆ ಅಂತ ಯೋಳವ್ವ ನಿಮ್ಮವ್ವಂಗೆ," ಎಂದಳಂತೆ. ಅಷ್ಟೇ ಹೇಳಿ ಇಟ್ಟಳಂತೆ. ಹುಳು ಗೂಡು ಕಟ್ಟುವ ಬಿದಿರು ತಟ್ಟೆಗೆ ಚಂದ್ರಿಕೆ ಎನ್ನುತ್ತೇವೆ; ಅದಕ್ಕೆ ಹತ್ತಿದರೆ ಬೆಳೆ ಕೈಗೆ ಬಂದ ಹಾಗೆ.

ಮಾರ್ಟಿನ್ ಸರ್ ಹೋಗಿ ಬರೆದರು. ಹನ್ನೊಂದು ಮನೆಯೂ ಲೆಕ್ಕದಲ್ಲಿ ಉಳಿಯಿತು. ಓದು ಬರೆಹ ಇಲ್ಲದವರು ಎಂದು ಬರೆದವರು ಆಮೇಲೆ ಏನೂ ಬರೆಯಲಿಲ್ಲ. ಫಾರಂಗೆ ಒಂದು ಪ್ರಶ್ನೆ ಸೇರಿಸಬೇಕು, ಅದನ್ನು ಹೊಂಬಾಳಮ್ಮನೇ ಹೇಳಲಿ ಎಂದರು. ನಾನು ಹೇಳಿದ್ದು: "ಅಡುಗೆ ಬಿಟ್ಟು ಇನ್ಯಾವುದಕ್ಕೆ, ಎಲ್ಲಿ, ಯಾರಿಗೋಸ್ಕರ ಬೆಂಕಿ ಇಡುತ್ತೀರಿ?" ಯಾರಿಗೋಸ್ಕರ ಎನ್ನುವುದು ಬೇಡ ಎಂದು ಮಾತು ಬರೆದುಕೊಳ್ಳುವವರು ವಾದ ಮಾಡಿದರು. ಬೇಕೇ ಬೇಕು ಎಂದೆ. ಉಳಿಯಿತು. ಮಿಕ್ಕ ದೇಶಗಳಲ್ಲೂ ಅದನ್ನು ಕೇಳಿದರು. ಬೆಟ್ಟದ ನಾಡಿನವರು ಕುರಿಮರಿಗೆ ಎಂದರಂತೆ, ಇನ್ನೊಂದು ದೇಶದವರು ಮೀನು ಒಣಗಿಸುವುದಕ್ಕೆ ಎಂದರಂತೆ. ನಮ್ಮ ಮಾಗಡಿಯಲ್ಲಿ ಕೇಳಿದಾಗ ಒಬ್ಬಳು ಬಾಣಂತಿಗೆ ಎಂದಳು. ಅದನ್ನೂ ಬರೆದುಕೊಂಡೆ. ನನ್ನ ಮಗಳ ಬಾಣಂತನದಲ್ಲಿ ಕಿಟಕಿಗೆ ಕಂಬಳಿ ಬಿಗಿದು ಮಂಚದ ಕೆಳಗೆ ಕೆಂಡ ಇಟ್ಟವಳು ನಾನೇ.

ಅಳೆದು ಬಂದ ಮೇಲೆ ಅಳತೆಯನ್ನು ಆ ಮನೆಯವರಿಗೆ ತಿಳಿಸಬೇಕು. ಇದನ್ನು ಬಹಳ ಜನ ಮಾಡುವುದಿಲ್ಲ, ನೀವು ಮಾಡಿ. ನಾನು ಮತ್ತೆ ಜಯಮ್ಮನ ಮನೆಗೆ ಹೋದೆ. ಹೊಸ ಬೆಳೆ ಬರುವ ಮುಂಚೆ ಹುಳುಮನೆ ತೊಳೆದು ಬಾಗಿಲು ತೆರೆದಿಟ್ಟಿದ್ದರು. ನಿನ್ನ ಉಸಿರು ಅರ್ಧ ಹೋಗಿದೆ, ಆಸ್ಪತ್ರೆಗೆ ಹೋಗು, ಕೆಂಡ ಹೊರಗಿಟ್ಟು ಬಿಸಿ ಮಾತ್ರ ಕೊಳವೆಯಲ್ಲಿ ಒಳಗೆ ಬಿಡುವ ಒಲೆ ಮಾಡಿಕೊಡುತ್ತಾರೆ ಎಂದು ಒಂದೊಂದಾಗಿ ಹೇಳಿದೆ. ಜಯಮ್ಮ ತಲೆಯಾಡಿಸಿದಳು. ಲಕ್ಕಮ್ಮ ಕಂಬಕ್ಕೆ ಒರಗಿ ಕೇಳುತ್ತಿದ್ದಳು.

"ಇವ್ಳು ಬಂದು ಹದ್ನೈದು ವರ್ಸ ಆಯ್ತು. ಅದುಕ್ ಮುಂಚೆ ಅದ್ರೊಳಗೆ ಯಾರ್ ಇದ್ದಿದ್ದು?" ಎಂದಳು.

ನನ್ನ ಚೀಲದ ಕಡೆಗೆ ಕೈ ಚಾಚಿದಳು.

"ಕೊಡಿಲ್ಲಿ ಆ ಕೊಳ್ವೆ. ನನ್ದೂ ಊದ್ಸು."

"ಅಕ್ಕ, ಫಾರಂನಲ್ಲಿ ಅರವತ್ತರ ಮ್ಯಾಲೆ ಇರೋರ್ಗೆ ಇಲ್ಲ."

"ಫಾರಂನ ಊದ್ಸು ಅಂದ್ನಾ ನಾನು?"

ಊದುವ ತುದಿಗೆ ಹೊಸ ಬಾಯಿ ಹಾಕಿ ಕೊಟ್ಟೆ. ಎಲೆಅಡಿಕೆ ಉಗಿದು, ಬಾಯಿ ಮುಕ್ಕಳಿಸಿ ಬಂದಳು. ಹುಳುವಿಗೆ ಸೊಪ್ಪು ಹಾಕುವಷ್ಟು ಶ್ರದ್ಧೆಯಿಂದ ಎರಡು ಕೈಯಲ್ಲಿ ಹಿಡಿದು ಊದಿದಳು. ಮುಳ್ಳು ಅಲ್ಲಾಡಿತು, ಹತ್ತಲಿಲ್ಲ. ಸೊಸೆಯದಕ್ಕಿಂತ ಕೆಳಗೇ ನಿಂತಿತು. ಎರಡನೆಯ ಸಲ ಊದಿದಳು, ಮೂರನೆಯ ಸಲವೂ ಊದಿದಳು. ಜಯಮ್ಮ ಎದ್ದು ಬಂದು ಅತ್ತೆಯ ಬೆನ್ನು ಹಿಡಿದುಕೊಂಡಳು.

"ಇಷ್ಟೇಯಾ?"

"ಇಷ್ಟೇ ಕಣಕ್ಕ."

ಲಕ್ಕಮ್ಮ ಆ ಮುಳ್ಳನ್ನು ನೋಡಿ ಕೊಳವೆ ನನ್ನ ಕೈಗಿಟ್ಟಳು. "ಬರ್ಕೊ," ಎಂದಳು.

ಬರೆಯುವುದಕ್ಕೆ ಫಾರಂನಲ್ಲಿ ಜಾಗ ಇರಲಿಲ್ಲ. ಜಯಮ್ಮನ ಹಾಳೆಯ ಅಂಚಿನಲ್ಲಿ ನನ್ನ ಅಕ್ಷರದಲ್ಲೇ ಬರೆದೆ: ಲಕ್ಕಮ್ಮ, ಅತ್ತೆ, ಹುಳುಮನೆ, ಮದುವೆಯಾಗಿ ಬಂದಾಗಿನಿಂದ. ಮುಂದೆ ಮೂರು ನಂಬರು. ಅದನ್ನು ಆಫೀಸಿನಲ್ಲಿ ಕೊಟ್ಟೆ. ವಿನುತಾ ಮೇಡಂ ಓದಿ ಹೊಡೆದುಹಾಕಲಿಲ್ಲ, ಇಂಗ್ಲಿಷಿಗೆ ಇಳಿಸಿ ಕಳಿಸಿದರು. ಮುಂದಿನ ಸಲ ಬಂದ ಫಾರಂನಲ್ಲಿ ಅರವತ್ತು ದಾಟಿದವರು ಬೇಡ ಎಂಬುದನ್ನು ತೆಗೆದಿದ್ದರು. ಅದನ್ನು ಹಿಡಿದು ನಾನು ಮೊದಲು ಹೋದದ್ದು ಲಕ್ಕಮ್ಮನ ಮನೆಗೇ.